ಮಗನ ಅಸೆಸ್‌ಮೆಂಟ್ ರಿಪೋರ್ಟ್ ಬಂದಿದೆ: ಒಟ್ಟು 102, ಕೋಡಿಂಗ್ 74, ‘ರೂಲ್ ಔಟ್ ಎಡಿಎಚ್‌ಡಿ’. ಇದನ್ನು ಹೇಗೆ ಓದಬೇಕು?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ 9 ವರ್ಷ 4 ತಿಂಗಳು. ನಾಲ್ಕನೇ ಕ್ಲಾಸು, ಸ್ಟೇಟ್ ಸಿಲೆಬಸ್, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತು ಕನ್ನಡವೇ. ಎರಡನೇ ಕ್ಲಾಸಿನಿಂದಲೂ ಓದುವುದು ಬರೆಯುವುದು ಅಂದರೆ ಮನೆಯಲ್ಲಿ ಅಳು. ಬೋರ್ಡಿನಿಂದ ನೋಟ್ಸ್ ಇಳಿಸಿಕೊಂಡಿದ್ದು ಯಾವಾಗಲೂ ಅರ್ಧ. ಡೈರಿಯಲ್ಲಿ ಕೆಂಪು ಇಂಕಿನಲ್ಲಿ ‘ಇನ್‌ಕಂಪ್ಲೀಟ್’, ‘ಕೇರ್‌ಲೆಸ್’. ಡಿಕ್ಟೇಷನ್‌ನಲ್ಲಿ 20ಕ್ಕೆ 4. ಆದರೆ ಅಜ್ಜಿ ಊರಿಗೆ ಹೋದರೆ ಬೇರೆಯೇ ಹುಡುಗ. ಭದ್ರಾ ನಾಲೆ ನೀರು ಯಾವ ತೂಬಿನಿಂದ ಮೊದಲು ಯಾರ ಗದ್ದೆಗೆ ಹೋಗುತ್ತದೆ, ಕೊನೇ ಗದ್ದೆಯವರಿಗೆ ಯಾಕೆ ಸಾಲುವುದಿಲ್ಲ, ಎಲ್ಲಾ ಬಿಡಿಸಿ ಹೇಳುತ್ತಾನೆ. ಅವನ ಅಜ್ಜ ಕೂಡ ನಿಂತು ಕೇಳುತ್ತಾರೆ.

ಶಾಲೆಯವರು ಟೆಸ್ಟ್ ಮಾಡಿಸಿ ಅಂದರು. ಮಾಡಿಸಿದೆವು. ಎರಡು ದಿನ, ಎರಡೂ ದಿನ ಶಾಲೆ ಬಿಟ್ಟ ಮೇಲೆ ಸಂಜೆ. ಒಂದು ವಾರ ಬಿಟ್ಟು 6 ಪುಟದ ರಿಪೋರ್ಟ್ ಕೈಗೆ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ವಿವರಿಸಲು ಹತ್ತು ನಿಮಿಷ ಸಿಕ್ಕಿತು. ಹೊರಗೆ ಇನ್ನೂ ಜನ ಕಾಯುತ್ತಿದ್ದರು, ನನಗೂ ಏನು ಕೇಳಬೇಕು ಅಂತ ತೋಚಲಿಲ್ಲ. ತಲೆ ಆಡಿಸಿ ಬಂದುಬಿಟ್ಟೆ. ಈಗ ನಾಲ್ಕು ರಾತ್ರಿಯಿಂದ ಮಗ ಮಲಗಿದ ಮೇಲೆ ಅದನ್ನೇ ಓದುತ್ತಿದ್ದೇನೆ.

ಬುದ್ಧಿಮಟ್ಟದ ಪರೀಕ್ಷೆ (ಎಂಐಎಸ್‌ಐಸಿ ಅಂತ ಬರೆದಿದೆ):

ಇನ್ಫರ್ಮೇಷನ್ 108, ಕಾಂಪ್ರಿಹೆನ್ಷನ್ 117, ಸಿಮಿಲಾರಿಟೀಸ್ 120, ಅರಿತ್‌ಮೆಟಿಕ್ 95, ಡಿಜಿಟ್ ಸ್ಪ್ಯಾನ್ 80. ವರ್ಬಲ್ 104.

ಪಿಕ್ಚರ್ ಕಂಪ್ಲೀಷನ್ 110, ಬ್ಲಾಕ್ ಡಿಸೈನ್ 112, ಆಬ್ಜೆಕ್ಟ್ ಅಸೆಂಬ್ಲಿ 106, ಮೇಜಸ್ 98, ಕೋಡಿಂಗ್ 74. ಪರ್ಫಾರ್ಮೆನ್ಸ್ 100.

ಒಟ್ಟು 102.

ನಿಮ್ಹಾನ್ಸ್ ಬ್ಯಾಟರಿ: ಓದು ಎರಡನೇ ಕ್ಲಾಸ್ ಮಟ್ಟ, ಸ್ಪೆಲ್ಲಿಂಗ್ ಒಂದನೇ ಕ್ಲಾಸ್ ಮಟ್ಟ. ಓದಿ ಹೇಳಿದರೆ ಅರ್ಥ ಮಾಡಿಕೊಳ್ಳುವುದು ಅವನ ಕ್ಲಾಸಿಗೆ ಸರಿಯಾಗಿದೆ. ಲೆಕ್ಕ ಸರಿ, ವಾಕ್ಯದ ಲೆಕ್ಕ ಮಾತ್ರ ತಪ್ಪು.

ವ್ಯಾಂಡರ್‌ಬಿಲ್ಟ್: ಪೋಷಕರು, ಟೀಚರ್ ತುಂಬುವ ಫಾರಂ. ಗಮನದ ಭಾಗದಲ್ಲಿ ಪೇರೆಂಟ್ 9ಕ್ಕೆ 4, ಟೀಚರ್ 9ಕ್ಕೆ 7.

ಕೊನೆಗೆ ‘ಸ್ಪೆಸಿಫಿಕ್ ಲರ್ನಿಂಗ್ ಡಿಸಬಿಲಿಟಿ (ನಿರ್ದಿಷ್ಟ ಕಲಿಕಾ ನ್ಯೂನತೆ), ಓದು ಮತ್ತು ಬರಹದಲ್ಲಿ. ರೂಲ್ ಔಟ್ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ).’

ನನ್ನ ಯಜಮಾನರು 102 ನೋಡಿ ನೂರಕ್ಕೆ ಮೇಲೆ ಬಂದಿದೆಯಲ್ಲ, ಮತ್ತೇನು ತೊಂದರೆ ಅಂದರು. ಇನ್ನೊಂದು ಪುಟದಲ್ಲಿ ಕೋಡಿಂಗ್ ‘4ನೇ ಪರ್ಸೆಂಟೈಲ್’ ಅಂತ ಇದೆ. ನೂರಕ್ಕೆ ನಾಲ್ಕು ಅಂದುಕೊಂಡು ನಾನು ಕೂತಲ್ಲೇ ಕುಸಿದೆ. ‘ರೂಲ್ ಔಟ್’ ಅಂದರೆ ಎಡಿಎಚ್‌ಡಿ ಇಲ್ಲ ಅಂತ ತಾನೇ? ಹಾಗಾದರೆ ಟೀಚರ್ 7 ಅಂತ ಯಾಕೆ ಕೊಟ್ಟರು? ಡಿಸಬಿಲಿಟಿ ಅನ್ನುವ ಪದ ನೋಡಿದಾಗಿನಿಂದ ಊಟ ಸೇರುತ್ತಿಲ್ಲ. ಅವನು ನಿನ್ನೆ ಬಂದು, ‘ಅಮ್ಮ, ಆ ಟೆಸ್ಟಲ್ಲಿ ನಾನು ಫೇಲಾ?’ ಅಂತ ಕೇಳಿದ. ಏನು ಹೇಳಲಿ?

ಮೈಸೂರು ಟೀಚರ್

ಮೇಡಂ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ, ಯಾಕೆಂದರೆ ಮಗು ಕಾಯುತ್ತಿದೆ. ಇವತ್ತೇ ಅವನಿಗೆ ಹೇಳಿ: ಅದು ಪಾಸ್ ಫೇಲ್ ಇರುವ ಪರೀಕ್ಷೆ ಅಲ್ಲ, ನಿನ್ನ ತಲೆಗೆ ಏನು ಬೇಗ ಹತ್ತುತ್ತದೆ, ಏನು ನಿಧಾನ ಹತ್ತುತ್ತದೆ ಅಂತ ನೋಡಿದರು. ಕಥೆ, ಯೋಚನೆ, ಚಿತ್ರ ಬೇಗ ಹತ್ತುತ್ತದೆ. ಅಕ್ಷರ ನಿಧಾನ. ಅದಕ್ಕೆ ಬೇರೆ ರೀತಿ ಹೇಳಿಕೊಡುತ್ತಾರೆ. ಇಷ್ಟು ಸಾಕು. ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ, ನಿಮ್ಮ ರಿಪೋರ್ಟ್‌ನಲ್ಲೇ ಇದೆ.

ನಾನು ವಿಶೇಷ ಶಿಕ್ಷಕಿ, 16 ವರ್ಷದಿಂದ ಇಂಥ ಮಕ್ಕಳ ಜೊತೆ ಇದ್ದೇನೆ. ನಾನು ಡಾಕ್ಟರ್ ಅಲ್ಲ. ರಿಪೋರ್ಟ್ ಓದುವ ರೀತಿ ಹೇಳಬಲ್ಲೆ, ಡಯಾಗ್ನೋಸಿಸ್ ಬದಲಿಸಲಾರೆ.

ಮೊದಲು ಆ ‘4’. ಪರ್ಸೆಂಟೈಲ್ ಬೇರೆ, ಪರ್ಸೆಂಟ್ ಬೇರೆ. ಅವನ ವಯಸ್ಸಿನ ನೂರು ಮಕ್ಕಳನ್ನು ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ ಹಾಗೆ ಅಂದುಕೊಳ್ಳಿ. ಕೋಡಿಂಗ್ ಅನ್ನುವ ಆ ಒಂದು ಕೆಲಸದಲ್ಲಿ ಇವನು ಗಿಡ್ಡವರ ಕಡೆಯಿಂದ ನಾಲ್ಕನೆಯವನು. ಅದೇ ಸಾಲನ್ನು ಸಿಮಿಲಾರಿಟೀಸ್‌ಗೆ ನಿಲ್ಲಿಸಿದರೆ, ಅಂದರೆ ಎರಡು ವಸ್ತುಗಳಲ್ಲಿ ಏನು ಹೋಲಿಕೆ ಅಂತ ಯೋಚಿಸಿ ಹೇಳುವುದು, ಗಿಡ್ಡವರ ಕಡೆ ಇವನಿಗಿಂತ ಕೆಳಗೆ 90 ಮಕ್ಕಳು ಇರುತ್ತಾರೆ. ಒಂದೇ ಹುಡುಗ, ಎರಡು ಸಾಲು.

ಹಾಗೇ 102 ಅನ್ನುವುದು ನೂರಕ್ಕೆ ನೂರಾ ಎರಡು ಅಂಕ ಅಲ್ಲ. ಈ ಪರೀಕ್ಷೆಗಳಲ್ಲಿ 100 ಅಂದರೆ ಆ ವಯಸ್ಸಿನ ಮಕ್ಕಳ ನಡುಮಟ್ಟ. 85ರಿಂದ 115ರ ಒಳಗೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಬರುತ್ತಾರೆ. ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ. ಬುದ್ಧಿಗೆ ಏನೂ ಕಡಿಮೆ ಇಲ್ಲ. ಆದರೆ ಆ ಒಟ್ಟು ಸಂಖ್ಯೆ ಮೇಲೆ ಜಾಸ್ತಿ ಹೊತ್ತು ಕಣ್ಣು ಇಡಬೇಡಿ. 120ನ್ನೂ 74ನ್ನೂ ಸೇರಿಸಿ ಭಾಗಿಸಿದರೆ ಬರುವ ಸಂಖ್ಯೆ ಎರಡರಲ್ಲಿ ಯಾವುದನ್ನೂ ತೋರಿಸುವುದಿಲ್ಲ. ಇಂಥ ಮಗುವಿನ ರಿಪೋರ್ಟ್‌ನಲ್ಲಿ ವಿಷಯ ಇರುವುದು ಒಟ್ಟಿನಲ್ಲಿ ಅಲ್ಲ, ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರದಲ್ಲಿ.

ಇನ್ನೊಂದು ಮಾತು. ಈ ಎಂಐಎಸ್‌ಐಸಿ ಹಳೆಯದು. ಅಮೆರಿಕದ ವೆಕ್ಸ್ಲರ್ ಪರೀಕ್ಷೆಯನ್ನು ಮಾಲಿನ್ ಎಂಬುವರು ನಾಗಪುರದಲ್ಲಿ ನಮ್ಮ ಮಕ್ಕಳಿಗೆ ಹೊಂದಿಸಿದ್ದು, 1969ರಲ್ಲಿ. ಅದಕ್ಕೇ ಎರಡು ಮೂರು ಅಂಕದ ಹೆಚ್ಚು ಕಡಿಮೆಗೆ ನಾನು ಬೆಲೆ ಕೊಡುವುದಿಲ್ಲ. ದೊಡ್ಡ ಏರಿಳಿತ ಮಾತ್ರ ನೋಡುತ್ತೇನೆ. ನಿಮ್ಮ ಮಗನದರಲ್ಲಿ ಎರಡು ತಗ್ಗು ಕಾಣುತ್ತವೆ.

ಡಿಜಿಟ್ ಸ್ಪ್ಯಾನ್: ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾರೆ, ಮಗು ಹಾಗೇ ತಿರುಗಿ ಹೇಳಬೇಕು, ಆಮೇಲೆ ಹಿಂದಿನಿಂದ ಮುಂದಕ್ಕೆ. ಕೇಳಿದ್ದನ್ನು ತಲೆಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಶಕ್ತಿ ಅದು. ನೀವು ‘ಬ್ಯಾಗ್ ಇಡು, ಕೈಕಾಲು ತೊಳಿ, ಡೈರಿ ತೆಗೆ, ಲೋಟ ಒಳಗಿಡು’ ಅಂದರೆ ಅವನು ಬ್ಯಾಗ್ ಇಟ್ಟು ನಿಂತುಬಿಡುತ್ತಾನಾ? ಆ ತಗ್ಗು ಇರುವ ಮಕ್ಕಳು ಹಾಗೆ ನಿಲ್ಲುತ್ತಾರೆ. ಮಾತು ಕೇಳದೆ ಇರುವುದಲ್ಲ ಅದು, ಕೈಯಿಂದ ಜಾರಿಹೋಗಿರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ.

ಕೋಡಿಂಗ್: ಗುರುತುಗಳನ್ನು ನೋಡಿ ನೋಡಿ ಬೇಗ ಬೇಗ ಪೆನ್ಸಿಲ್‌ನಲ್ಲಿ ತುಂಬಬೇಕು, ಗಡಿಯಾರ ಓಡುತ್ತಿರುತ್ತದೆ. ಬೋರ್ಡ್ ನೋಡಿ ನೋಟ್ಸ್ ಇಳಿಸಿಕೊಳ್ಳುವುದೂ ಇದೇ ಕೆಲಸ ಅಲ್ವಾ? ಡೈರಿಯ ಆ ‘ಇನ್‌ಕಂಪ್ಲೀಟ್’ ಎಲ್ಲಾ ಇಲ್ಲಿಂದ ಬಂದಿರಬಹುದು. ಆದರೆ ಕೋಡಿಂಗ್ ಒಂದನ್ನೇ ಹಿಡಿದು ತೀರ್ಮಾನ ಮಾಡಬಾರದು. ಅಕ್ಷರ ಬರೆಯಲು ಕಷ್ಟ ಇದ್ದರೂ ಕಡಿಮೆ ಬರುತ್ತದೆ, ಗಮನ ಚದುರಿದರೂ ಬರುತ್ತದೆ. ಸಂಜೆ ಹೊಟ್ಟೆ ಹಸಿದಿದ್ದರೂ ಬರುತ್ತದೆ. ಎರಡೂ ದಿನ ಶಾಲೆ ಬಿಟ್ಟ ಮೇಲೆ ಕೂರಿಸಿದರು ಅಂತ ಬರೆದಿದ್ದೀರಿ, ಅದು ನನಗೆ ಬೇಸರದ ವಿಷಯ. ಆ ಮಾತು ರಿಪೋರ್ಟ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ನೀವೇ ಪೆನ್ನಲ್ಲಿ ಅಂಚಿನಲ್ಲಿ ಬರೆದಿಡಿ. ಮುಂದೆ ನೋಡುವ ಡಾಕ್ಟರಿಗೆ ಬೇಕಾಗುತ್ತದೆ.

ಈಗ ನಿಮ್ಹಾನ್ಸ್ ಬ್ಯಾಟರಿ. ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಮಕ್ಕಳಿಗೆ ಅಂತಲೇ ಮಾಡಿದ್ದು. 5ರಿಂದ 7 ವರ್ಷಕ್ಕೆ ಒಂದು ಹಂತ, 8ರಿಂದ 12ಕ್ಕೆ ಇನ್ನೊಂದು. ಗಮನ, ಓದು, ಸ್ಪೆಲ್ಲಿಂಗ್, ಲೆಕ್ಕ, ನೆನಪು, ನೋಡಿ ಬರೆಯುವುದು, ಎಲ್ಲಾ ಬೇರೆ ಬೇರೆ ನೋಡುತ್ತಾರೆ. ತನ್ನ ಕ್ಲಾಸಿಗಿಂತ ಎರಡು ಕ್ಲಾಸ್ ಹಿಂದೆ ಇದ್ದರೆ ತೊಂದರೆ ಇದೆ ಅಂತ ಲೆಕ್ಕ. ನಿಮ್ಮ ಮಗನದು ಓದಿನಲ್ಲಿ ಎರಡು, ಸ್ಪೆಲ್ಲಿಂಗ್‌ನಲ್ಲಿ ಮೂರು. ಆದರೆ ಓದಿ ಹೇಳಿದರೆ ಪೂರ್ತಿ ಅರ್ಥ ಆಗುತ್ತದೆ. ನನಗೆ ಇಡೀ ರಿಪೋರ್ಟ್‌ನಲ್ಲಿ ಮುಖ್ಯ ಅನ್ನಿಸಿದ ಸಾಲು ಇದು. ವಾಕ್ಯದ ಲೆಕ್ಕ ತಪ್ಪುವುದೂ ಇದಕ್ಕೇ. ಲೆಕ್ಕ ಬರುತ್ತದೆ, ವಾಕ್ಯ ಓದಲು ಬರುವುದಿಲ್ಲ.

‘ರೂಲ್ ಔಟ್’ ವಿಷಯದಲ್ಲಿ ತುಂಬ ಅಪ್ಪ ಅಮ್ಮಂದಿರು ನಿಮ್ಮ ಹಾಗೇ ಅಂದುಕೊಳ್ಳುತ್ತಾರೆ. ಡಾಕ್ಟರುಗಳ ಬರಹದಲ್ಲಿ ಅದರ ಅರ್ಥ ‘ಇಲ್ಲ’ ಅಂತ ಅಲ್ಲ. ‘ಇರಬಹುದು, ಇದೆಯೋ ಇಲ್ಲವೋ ಇನ್ನೂ ನೋಡಬೇಕು’ ಅಂತ. ಅಂದರೆ ಒಂದು ಕೆಲಸ ಬಾಕಿ ಇದೆ. ಮಕ್ಕಳ ಮಾನಸಿಕ ವೈದ್ಯರು ಅಥವಾ ಮಕ್ಕಳ ಬೆಳವಣಿಗೆಯ ಡಾಕ್ಟರ್ ನೋಡಬೇಕು.

ಕೊನೆಗೆ ಒಂದು ಪ್ರಶ್ನೆ. ರಿಪೋರ್ಟ್‌ನ ಮೊದಲ ಪುಟದಲ್ಲಿ ಕಣ್ಣು, ಕಿವಿ ಬಗ್ಗೆ ಏನು ಬರೆದಿದೆ? ಅವನಿಗೆ ಕನ್ನಡ ಓದಿಸಿ ನೋಡಿದರಾ?

ದಾವಣಗೆರೆ ಅಮ್ಮ

ಅಕ್ಕ, ಕಣ್ಣು ತುಂಬಿ ಬಂತು. ನೀವು ಹೇಳಿದ ಬ್ಯಾಗ್, ಡೈರಿ, ಲೋಟದ ಮಾತು ನಮ್ಮ ಮನೆಯದೇ. ಅದಕ್ಕೆ ನಾನು ಎಷ್ಟು ಸಲ ಹೊಡೆದಿದ್ದೇನೆ ಅಂತ ಇಲ್ಲಿ ಬರೆಯಲು ಆಗುತ್ತಿಲ್ಲ.

ಮೊದಲ ಪುಟದಲ್ಲಿ ‘ದೃಷ್ಟಿ, ಶ್ರವಣ: ನಾರ್ಮಲ್, ಪೋಷಕರು ಹೇಳಿದಂತೆ’ ಅಂತ ಇದೆ. ನನ್ನನ್ನು ಕೇಳಿದರು, ಚೆನ್ನಾಗಿದೆ ಅಂದೆ. ಪರೀಕ್ಷೆ ಯಾರೂ ಮಾಡಿಲ್ಲ. ಕನ್ನಡ ಓದಿಸಲಿಲ್ಲ, ಎಲ್ಲಾ ಇಂಗ್ಲಿಷಿನಲ್ಲೇ.

ಮೈಸೂರು ಟೀಚರ್

ಹಾಗಾದರೆ ಮೊದಲು ಆ ಎರಡು ಮಾಡಿಸಿ. ನೀವು ಚೆನ್ನಾಗಿದೆ ಅಂದಿದ್ದು ಪರೀಕ್ಷೆ ಆಗುವುದಿಲ್ಲ. ಕಿವಿಗೆ ಆಡಿಯೋಮೆಟ್ರಿ, ಕಣ್ಣಿಗೆ ಕಣ್ಣಿನ ಡಾಕ್ಟರ್. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳಿಗೆ ಡಿಇಐಸಿ ಅನ್ನುವ ಕೇಂದ್ರ ಇರುತ್ತದೆ, ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. 18 ವರ್ಷದವರೆಗೆ ನೋಡುತ್ತಾರೆ, ಕಲಿಕೆಯ ತೊಂದರೆ ಮತ್ತು ಎಡಿಎಚ್‌ಡಿ ಎರಡೂ ಅವರ ಪಟ್ಟಿಯಲ್ಲಿ ಇವೆ. ಮೈಸೂರಿಗೆ ಬರಲು ಆಗುವುದಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಭಾಷೆ, ಕಲಿಕೆ ಎಲ್ಲಾ ಒಂದೇ ಕಡೆ ನೋಡುತ್ತಾರೆ.

ಕನ್ನಡದ್ದು ಯಾಕೆ ಕೇಳಿದೆ ಅಂದರೆ, ಮನೆಮಾತು ಕನ್ನಡ ಇದ್ದು ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಗುವಿಗೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಅರ್ಧ ಚಿತ್ರ. ತೊಂದರೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಹೇಳಿಕೊಟ್ಟ ರೀತಿ ಸರಿ ಇರಲಿಕ್ಕಿಲ್ಲ, ಆ ಭಾಷೆ ಕಿವಿಗೆ ಬಿದ್ದಿದ್ದು ಕಡಿಮೆ ಇರಬಹುದು. ಎರಡೂ ಭಾಷೆಯಲ್ಲಿ ಒಂದೇ ಥರ ಎಡವುತ್ತಿದ್ದರೆ ತೊಂದರೆ ಮಗುವಿನ ಓದುವ ಕ್ರಿಯೆಯಲ್ಲೇ ಇದೆ. ನೀವೇ ಒಮ್ಮೆ ನೋಡಿ. ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ. ಹತ್ತು ಪದ ಸಾಕು. ಕಮಲ, ಮರ ಥರದ್ದು ಮೂರು. ಕಾಗೆ, ಗೋಡೆ ಥರದ್ದು ಮೂರು. ಹಕ್ಕಿ, ಅಕ್ಕಿ, ಪುಸ್ತಕ, ಚಂದ್ರ ಥರ ಒತ್ತಕ್ಷರದ್ದು ನಾಲ್ಕು. ಓದಿಸಿ, ಆಮೇಲೆ ಹೇಳಿ ಬರೆಸಿ. ಸರಿ ತಪ್ಪು ಏನೂ ಹೇಳಬೇಡಿ, ಏನು ಬರೆದ ಅಂತ ಹಾಗೇ ಇಡಿ. ಕನ್ನಡದಲ್ಲಿ ಕಾಗುಣಿತ ಒತ್ತಕ್ಷರ ಸೇರಿ ನೂರಾರು ರೂಪಗಳಿವೆ, ಯಾವ ಮಗುವಿಗೂ ಅವೆಲ್ಲಾ ಪೂರ್ತಿ ಹಿಡಿತಕ್ಕೆ ಬರಲು ನಾಲ್ಕು ಐದನೇ ಕ್ಲಾಸ್ ತನಕ ಹಿಡಿಯುತ್ತದೆ. ಆದ್ದರಿಂದ ‘ಚಂದ್ರ’ ತಪ್ಪಿದರೆ ಗಾಬರಿ ಬೇಡ. ‘ಕಾಗೆ’ ಹೋಗಿ ‘ಕಗೆ’ ಆಗಿ, ‘ಹಕ್ಕಿ’ ಹೋಗಿ ‘ಹಕಿ’ ಆಗಿ, ಅದೂ ಒಂದೊಂದು ಸಲ ಒಂದೊಂದು ಥರ ಆಗುತ್ತಿದ್ದರೆ ಬರೆದಿಡಿ.

ಹೊಡೆದಿದ್ದರ ಬಗ್ಗೆ. ನಿಮಗೆ ಆಗ ಗೊತ್ತಿರಲಿಲ್ಲ. ಅವನ ಹತ್ತಿರ ಒಂದು ಸಲ ತಪ್ಪಾಯಿತು ಅಂತ ಹೇಳಿ. ಮಕ್ಕಳು ತೆಗೆದುಕೊಳ್ಳುತ್ತಾರೆ.

ಹುಬ್ಬಳ್ಳಿ ಅಪ್ಪ

ನಮಸ್ಕಾರ ಮೇಡಂ. ನನ್ನ ಮಗಳಿಗೆ ಈಗ 11. ಎರಡು ವರ್ಷದ ಹಿಂದೆ ಎಡಿಎಚ್‌ಡಿ ಅಂತ ಗೊತ್ತಾಯಿತು, ಓಡಾಡುವ ಥರದ್ದಲ್ಲ, ಗಮನ ಜಾರುವ ಥರದ್ದು. ಅವಳು ಗಲಾಟೆಯೇ ಮಾಡುತ್ತಿರಲಿಲ್ಲ, ಸುಮ್ನೆ ಕಿಟಕಿ ನೋಡುತ್ತಾ ಕೂತಿರುತ್ತಿದ್ದಳು. ಅದಕ್ಕೇ ನಮಗೆ ತಡವಾಗಿ ಗೊತ್ತಾಗಿದ್ದು. ಹಿಂದಿನ ಶಾಲೆಯಲ್ಲಿ ಇಡೀ ವರ್ಷ ಕೊನೇ ಬೆಂಚಿನಲ್ಲಿ ಕೂರಿಸಿದ್ದರು. ಅದು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಿಮ್ಮ 4 ಮತ್ತು 7ರ ಬಗ್ಗೆ ಹೇಳುತ್ತೇನೆ. ಆ ಫಾರಂನಲ್ಲಿ ಗಮನಕ್ಕೆ ಸಂಬಂಧಿಸಿದ 9 ಪ್ರಶ್ನೆ ಇರುತ್ತವೆ. ‘ಆಗಾಗ’ ಅಥವಾ ‘ಯಾವಾಗಲೂ’ ಅಂತ ಗುರುತು ಮಾಡಿದ್ದು 6 ಅಥವಾ ಜಾಸ್ತಿ ಇದ್ದರೆ ಮುಂದೆ ನೋಡಬೇಕು ಅಂತ ಲೆಕ್ಕ. ಆದರೆ ಫಾರಂ ಒಂದರಿಂದಲೇ ಎಡಿಎಚ್‌ಡಿ ಅನ್ನಲು ಆಗುವುದಿಲ್ಲ. ಲಕ್ಷಣಗಳು ಆರು ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಒಂದಕ್ಕಿಂತ ಜಾಸ್ತಿ ಕಡೆ ಕಾಣಬೇಕು. ಮನೆಯಲ್ಲೂ, ಶಾಲೆಯಲ್ಲೂ. ಶಾಲೆಯಲ್ಲಿ ಮಾತ್ರ ಕಂಡರೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ: ಅಲ್ಲಿ ಏನು ಮಾಡಿಸುವಾಗ? ನಿಮ್ಮ ಮಗನಿಗೆ ಓದಲು ಬರುವುದಿಲ್ಲ, ಶಾಲೆಯಲ್ಲಿ ದಿನವಿಡೀ ಓದು ಬರಹವೇ. ಬರದ ಭಾಷೆಯ ಭಾಷಣ ಕೇಳುತ್ತಾ ಆರು ಗಂಟೆ ಕೂತರೆ ನಮ್ಮ ಗಮನವೂ ಎಲ್ಲಿಗೋ ಹೋಗುತ್ತದೆ. ಆದರೆ ಅಷ್ಟಕ್ಕೇ ಎಡಿಎಚ್‌ಡಿ ಇಲ್ಲ ಅಂತ ಬಿಟ್ಟುಬಿಡಬೇಡಿ. ಎರಡೂ ಒಟ್ಟಿಗೆ ಇರುವ ಮಕ್ಕಳು ಬೇಕಾದಷ್ಟು.

ನಮ್ಮ ಮನೆಯಲ್ಲಿ ಆದದ್ದು ಕೇಳಿ. ನಾನೂ ನನ್ನ ಹೆಂಡತಿಯೂ ಫಾರಂ ಬೇರೆ ಬೇರೆ ತುಂಬಿದೆವು. ನನ್ನದರಲ್ಲಿ 3, ಅವಳದರಲ್ಲಿ 8. ಡಾಕ್ಟರ್ ಇಬ್ಬರನ್ನೂ ಕೂರಿಸಿ, ಹೋಂವರ್ಕ್ ಯಾರು ಮಾಡಿಸುತ್ತೀರಿ ಅಂತ ಕೇಳಿದರು. ನಾನು ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವನು. ಮಗಳನ್ನು ನೋಡುವುದು ಊಟಕ್ಕೆ, ಟಿವಿಗೆ. ನಿಮ್ಮ 4 ಯಾರು ಕೊಟ್ಟಿದ್ದು? ಅಜ್ಜಿ ಊರಲ್ಲಿ ನೀರಿನ ಲೆಕ್ಕ ಹೇಳುತ್ತಾನೆ ಅಂತ ಬರೆದಿದ್ದೀರಿ. ಇಷ್ಟವಾದ ವಿಷಯದಲ್ಲಿ ನನ್ನ ಮಗಳೂ ಎರಡು ಗಂಟೆ ಅಲುಗಾಡದೆ ಕೂರುತ್ತಾಳೆ. ಇಷ್ಟ ಇಲ್ಲದ, ಆದರೆ ಬರುವ ಕೆಲಸದಲ್ಲಿ ಹೇಗೆ ಇರುತ್ತಾನೆ ನೋಡಿ. ಬಟ್ಟೆ ಮಡಚುವುದು, ಸ್ನಾನ ಮುಗಿಸಿ ಬರುವುದು, ಅಂಗಡಿಗೆ ಹೋಗಿ ಮೂರು ಸಾಮಾನು ತರುವುದು. ಅಲ್ಲಿ ಓದಿನ ತೊಂದರೆ ಅಡ್ಡ ಬರುವುದಿಲ್ಲ.

ನಾವು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆವು. ನಮ್ಮ ಭಾಷೆಯಲ್ಲಿ ಮಾತಾಡಲು ಆಯಿತು, ಅದೇ ದೊಡ್ಡ ಸಮಾಧಾನ. ಅಲ್ಲಿ ಮಾಡಿದ ಬುದ್ಧಿಮಟ್ಟದ ಪರೀಕ್ಷೆ ಬಿನೆ ಕಾಮತ್. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಹೊಂದಿಸಿದ್ದಂತೆ. ನಮ್ಮ ಕಡೆಯ ಮಕ್ಕಳು ಅಂತ ಕೇಳಿ ನನಗೆ ಹೆಮ್ಮೆ ಆಯಿತು.

ಔಷಧದ ಮಾತು ಬಂದರೆ ಹೆದರಬೇಡಿ, ಹಾಗಂತ ಅವಸರವೂ ಬೇಡ. ನಮ್ಮವಳಿಗೆ ಮೀಥೈಲ್‌ಫೆನಿಡೇಟ್ ಕೊಟ್ಟರು. ಉಪಯೋಗ ಆಯಿತು. ಮಧ್ಯಾಹ್ನದ ಹಸಿವು ಕಡಿಮೆಯಾಯಿತು, ಅದಕ್ಕೆ ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ರೊಟ್ಟಿ ಗಟ್ಟಿಯಾಗಿ ತಿನ್ನಿಸುತ್ತೇವೆ, ರಾತ್ರಿ ಇನ್ನೊಮ್ಮೆ. ತೂಕ, ಎತ್ತರ, ಬಿಪಿ ಪ್ರತಿ ಭೇಟಿಯಲ್ಲೂ ನೋಡುತ್ತಾರೆ. ಕಲಿಕಾ ನ್ಯೂನತೆಗೆ ಮಾತ್ರ ಮಾತ್ರೆ ಇಲ್ಲ. ಅದಕ್ಕೆ ಪಾಠವೇ ಔಷಧ. ಮಿಡ್‌ಬ್ರೈನ್ ಆಕ್ಟಿವೇಷನ್, ನೆನಪಿನ ಪೌಡರ್ ಅಂತ ಯಾರಾದರೂ ಬಂದರೆ ಬಾಗಿಲು ತೆಗೆಯಬೇಡಿ. ನಾವು 18 ಸಾವಿರ ಕಳೆದುಕೊಂಡಿದ್ದೇವೆ.

ತುರುವೇಕೆರೆ ಮೇಷ್ಟ್ರು

ನಾನು ಸರ್ಕಾರಿ ಪ್ರಾಥಮಿಕ ಶಾಲೆಯವನು, 22 ವರ್ಷದ ಸರ್ವೀಸು. ಟೀಚರ್ ಕಡೆಯಿಂದ ಒಂದು ಮಾತು.

ಆ 7 ಕೊಟ್ಟ ಟೀಚರ್ ಮೇಲೆ ಸಿಟ್ಟಾಗಬೇಡಿ. ಅವರು ಕಂಡಿದ್ದನ್ನು ಬರೆದಿದ್ದಾರೆ. ನಿಮ್ಮ ಕೈಗೆ ಬಂದ ಒಳ್ಳೆಯ ಮಾಹಿತಿ ಅದು. ರಿಪೋರ್ಟ್ ತೆಗೆದುಕೊಂಡು ಹೋಗಿ ಆರೂ ಪುಟ ಅವರ ಮುಂದೆ ಇಡಬೇಡಿ, 40 ಮಕ್ಕಳ ಮಧ್ಯೆ ಅವರಿಗೆ ಓದಲು ಆಗುವುದಿಲ್ಲ. ಅರ್ಧ ಪುಟದಲ್ಲಿ ಅವರಿಗೆ ಹೀಗೆ ಬರೆದುಕೊಂಡು ಹೋಗಿ: ಮುಂದಿನ ಬೆಂಚು. ಎಲ್ಲರ ಎದುರು ಗಟ್ಟಿಯಾಗಿ ಓದಿಸುವುದು ಬೇಡ. ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ. ಪರಿಸರ ಅಧ್ಯಯನದಲ್ಲಿ ಸ್ಪೆಲ್ಲಿಂಗ್‌ಗೆ ಅಂಕ ಕಳೆಯಬೇಡಿ. ನೋಟ್ಸ್ ಫೋಟೋ ತೆಗೆದುಕೊಳ್ಳಲು ಬಿಡಿ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ, ಮನಸ್ಸಿದ್ದರೆ ನಾಳೆ ಬೆಳಿಗ್ಗೆಯಿಂದಲೇ ಆಗುತ್ತದೆ.

ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಇನ್ನು ಎಲ್ಲರೂ ನಿಮಗೆ ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿ ಅನ್ನುತ್ತಾರೆ. ಅವಸರ ಬೇಡ. ಊರಲ್ಲಿ ಆ ಹೆಸರು ಒಂದು ಸಲ ಅಂಟಿದರೆ ಬಿಡುವುದಿಲ್ಲ. ಹುಡುಗನಿಗೆ ಇನ್ನೂ ಒಂಬತ್ತು. ಎರಡು ವರ್ಷ ಚೆನ್ನಾಗಿ ಪಾಠ ಮಾಡಿಸಿ, ಆಮೇಲೆ ನೋಡಿ.

ಮೈಸೂರು ಟೀಚರ್

ಮೇಷ್ಟ್ರೇ, ನಿಮ್ಮ ಅರ್ಧ ಪುಟ ನಾನು ಇನ್ನು ಮೇಲೆ ಎಲ್ಲಾ ಪೋಷಕರಿಗೂ ಹೇಳುತ್ತೇನೆ. ಆದರೆ ಸರ್ಟಿಫಿಕೇಟ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಆ ಹೆಸರು ಅಂಟುವ ಮೊದಲೇ ‘ದಡ್ಡ’, ‘ಸೋಮಾರಿ’ ಅನ್ನುವ ಹೆಸರು ಅಂಟಿರುತ್ತದೆ. ಅದಕ್ಕೆ ಯಾವ ರಿಯಾಯಿತಿಯೂ ಸಿಗುವುದಿಲ್ಲ.

ದಾವಣಗೆರೆ ಮೇಡಂಗೆ ಗೊತ್ತಿರಲಿ ಅಂತ ಬರೆಯುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ನ್ಯೂನತೆಗಳ ಪಟ್ಟಿ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಇದೆ. ಎಡಿಎಚ್‌ಡಿ ಅನ್ನುವುದು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ರಿಪೋರ್ಟ್‌ನಲ್ಲಿ ಎರಡೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಬರೆದಿರಬೇಕು. ಖಾಸಗಿ ಕ್ಲಿನಿಕ್ಕಿನ ಈ ರಿಪೋರ್ಟ್ ಸರ್ಟಿಫಿಕೇಟ್ ಅಲ್ಲ. ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ನೋಡಿ ಕೊಡುತ್ತಾರೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಜಾಸ್ತಿ ಸಮಯ, ಬರೆಯಲು ಸಹಾಯಕರು ಬೇಕಾದರೆ ಆ ಕಾಗದ ಬೇಕು. ಕೇಂದ್ರದ ನಿಯಮದಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಸಿಗುತ್ತದೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡುವ ಅಪ್ಪ ಅಮ್ಮಂದಿರನ್ನು ಪ್ರತಿ ವರ್ಷ ನೋಡುತ್ತೇನೆ, ಮನಸ್ಸಿಗೆ ತುಂಬ ಕಷ್ಟ ಆಗುತ್ತದೆ. ಈ ವರ್ಷವೇ ಬೇಡ, ಸರಿ. ಆದರೆ ಎಲ್ಲಾ ಕಾಗದ ಒಂದು ಫೈಲಿನಲ್ಲಿ ಇರಲಿ.

ಪಾಠ ಮಾತ್ರ ಈ ವಾರವೇ ಶುರುವಾಗಲಿ. ಟ್ಯೂಷನ್ ಬೇಡ. ಶಾಲೆಯ ಪಾಠವನ್ನೇ ಮತ್ತೆ ಮಾಡಿಸಿದರೆ ಅವನಿಗೆ ಏನೂ ಸಿಗುವುದಿಲ್ಲ. ಶಬ್ದಕ್ಕೂ ಅಕ್ಷರಕ್ಕೂ ಇರುವ ಸಂಬಂಧವನ್ನು ಮೊದಲಿನಿಂದ ಹಂತ ಹಂತವಾಗಿ ಕಲಿಸುವವರು ಬೇಕು. ಕಿವಿ, ಕಣ್ಣು, ಬಾಯಿ, ಕೈ ಎಲ್ಲಾ ಸೇರಿಸಿ. ವಾರಕ್ಕೆ ಮೂರು ದಿನ, 40 ನಿಮಿಷ. ಮೂರು ತಿಂಗಳಲ್ಲಿ ಪವಾಡ ಆಗುವುದಿಲ್ಲ, ಒಂದು ವರ್ಷದಲ್ಲಿ ಕಾಣುತ್ತದೆ.

ದಾವಣಗೆರೆ ಅಮ್ಮ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಕಿವಿ ಸರಿಯಾಗಿದೆ. ಕಣ್ಣಿಗೆ ಕನ್ನಡಕ ಬಂತು, ನಂಬರ್ ಕಡಿಮೆಯೇ. ಅದರಿಂದಲೇ ಎಲ್ಲಾ ಆಗಿದ್ದಲ್ಲ ಅಂತ ಡಾಕ್ಟರ್ ಹೇಳಿದರು. ಆದರೂ ಬೋರ್ಡ್ ಈಗ ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ.

ಭಾನುವಾರ ಹತ್ತು ಪದ ಓದಿಸಿದೆ. ಕಮಲ, ಮರ ಬಂತು. ‘ಗೋಡೆ’ ಒಂದು ಸಲ ‘ಗೊಡೆ’, ಇನ್ನೊಂದು ಸಲ ‘ಗೇಡೆ’. ‘ಅಕ್ಕಿ’ ‘ಅಕಿ’ ಆಯಿತು. ‘ಪುಸ್ತಕ’ ‘ಪುತಕ’. ಪಕ್ಕದಲ್ಲಿ ನನ್ನ ಯಜಮಾನರು ಕೂತಿದ್ದರು. ಹಾಳೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ರಾತ್ರಿ ಹೇಳಿದರು, ‘ನಾನೂ ಹೀಗೇ ಬರೆಯುತ್ತಿದ್ದೆ. ಏಳನೇ ಕ್ಲಾಸಿಗೆ ಬಿಟ್ಟಿದ್ದು ಅಪ್ಪನ ಬಡತನಕ್ಕಲ್ಲ.’ ಮದುವೆಯಾಗಿ 12 ವರ್ಷ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಲ್ಲು ಯಾವಾಗಲೂ ಕೆಲಸದ ಹುಡುಗನೇ ಬರೆಯುತ್ತಾನೆ, ಇವರು ಬಾಯಲ್ಲಿ ಹೇಳುತ್ತಾರೆ. ನಾನು ಅದನ್ನು ಯಜಮಾನಿಕೆ ಅಂದುಕೊಂಡಿದ್ದೆ. ಇದು ಮನೆತನದಲ್ಲಿ ಬರುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು.

ಮಗನಿಗೆ ಅಕ್ಕ ಹೇಳಿದ ಹಾಗೇ ಹೇಳಿದೆ. ‘ಅಪ್ಪನಿಗೂ ಅಕ್ಷರ ನಿಧಾನಾನಾ?’ ಅಂತ ಕೇಳಿದ. ಅವರೇ ಹೌದು ಅಂದರು.

ಹುಬ್ಬಳ್ಳಿ ಸರ್, ಆ 4 ಕೊಟ್ಟಿದ್ದು ನನ್ನ ಯಜಮಾನರೇ, ನಾನಲ್ಲ. ಈಗ ನಾನೇ ಬೇರೆ ತುಂಬಿದ್ದೇನೆ, 6 ಬಂದಿದೆ. ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದರೆ ಎರಡು ತರುತ್ತಾನೆ, ಒಂದು ಸಲ ಖಾಲಿ ಕೈಯಲ್ಲಿ ಬಂದ. ಮಕ್ಕಳ ಮಾನಸಿಕ ವೈದ್ಯರ ಹತ್ತಿರ ಮುಂದಿನ ಗುರುವಾರಕ್ಕೆ ದಿನ ಸಿಕ್ಕಿದೆ, ಬೆಳಿಗ್ಗೆ ಹತ್ತೂವರೆಗೆ. ಬೆಳಿಗ್ಗೆಯೇ ಬೇಕು ಅಂತ ಕೇಳಿ ತೆಗೆದುಕೊಂಡೆ.

ಮೇಷ್ಟ್ರೇ, ಅರ್ಧ ಪುಟ ಬರೆದು ಕೊಟ್ಟೆ. ಕ್ಲಾಸ್ ಟೀಚರ್ ಓದಿ, ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದ್ದಾರೆ. ಸ್ಪೆಲ್ಲಿಂಗ್ ಅಂಕದ ವಿಷಯ ಹೆಡ್ ಮೇಡಂ ಹತ್ತಿರ ಕೇಳಬೇಕಂತೆ.

ಇಲ್ಲಿ ವಿಶೇಷ ಶಿಕ್ಷಕರು ಒಬ್ಬರು ಸಿಕ್ಕಿದ್ದಾರೆ. ಅವರು ಇಂಗ್ಲಿಷಿನಲ್ಲಿ ಶುರು ಮಾಡೋಣ ಅನ್ನುತ್ತಾರೆ, ಮೀಡಿಯಂ ಅದೇ ಅಲ್ವಾ ಅಂತ. ನನಗೆ ಕನ್ನಡದಲ್ಲಿ ಮೊದಲು ಆಗಲಿ ಅನ್ನಿಸುತ್ತದೆ, ಅಮ್ಮನ ಭಾಷೆ ಅವನ ನಾಲಿಗೆಯಲ್ಲಿ ಇದೆ. ಮೈಸೂರು ಅಕ್ಕ, ಯಾವುದು ಮೊದಲು?